ಹೊಟ್ಟೆ ಬಂದ ಗೋಡೆ

ಕುಮಟೆಯಿಂದ ಭಟ್ಕಳದವರೆಗೆ ನಮ್ಮ ಭಾವ ಕಟ್ಟಿಸಿದ ಮನೆಗಳನ್ನು ಎಣಿಸುವುದು ಸುಲಭ. ಅವರು ಕಟ್ಟದ ಹಾಗೆ ತಡೆದ ಮನೆಗಳನ್ನು ಎಣಿಸುತ್ತ ಹೊರಟರೆ ಮಾತ್ರ ಒಂದು ದಿನ ಸಾಲದು! ನೀವು ನಗಬಹುದು. ಅವರ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಕೂತಿರುವ ನನಗೆ ಮೊದಮೊದಲು ನಗು ಬರುತ್ತಿರಲಿಲ್ಲ. ಮನೆಯ ನಕ್ಷೆ ಬರೆದು ಬದುಕುವ ಮನುಷ್ಯ, ಬಂದ ಗಿರಾಕಿಗೆ ಕುರ್ಚಿ ತೋರಿಸಿ, ನೀರು ಕೊಟ್ಟು, ಆಮೇಲೆ "ಈಗಿದ್ದ ಮನೆಗೆ ಎಂತ ಆಗಿದೆ?" ಎಂದು ಕೇಳಿದರೆ ಹೇಗೆ? ಬಟ್ಟೆ ಅಂಗಡಿಯವನೊಬ್ಬ "ಮೈಮೇಲಿನ ಅಂಗಿ ಚೆನ್ನಾಗೇ ಇದೆಯಲ್ಲ" ಎಂದು ಗಿರಾಕಿಯನ್ನು ತಿರುಗಿ ಕಳಿಸಿದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊನ್ನಾವರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಅವರು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಕಂಪ್ಯೂಟರಿಗೆ ಏರಿಸುವವಳು ನಾನು. ಫೋನ್ ಎತ್ತುವವಳೂ ನಾನೇ. ಸಿಟ್ಟಿನಿಂದ ಎದ್ದುಹೋಗುವ ಗಿರಾಕಿಯ ಹಿಂದೆ ಮೆಟ್ಟಿಲಿನವರೆಗೆ ಓಡುವವಳೂ ನಾನೇ.

ಕಚೇರಿ ಶುರುವಾದಾಗ ಭಾವ ಹೊರಗೆ ಚಂದದ ಫಲಕ ಬರೆಸಿದ್ದರಂತೆ: ‘ವಾಸ್ತುಶಿಲ್ಪಿ’. ಮೊದಲು ಬಂದವರು ದೇವಸ್ಥಾನವೊಂದರ ಕಮಿಟಿಯವರು. "ಎರಡೂವರೆ ಅಡಿಯ ಗಣಪತಿ ಬೇಕಿತ್ತು. ಕಪ್ಪು ಕಲ್ಲಲ್ಲೇ ಆಗ್ಬೇಕು" ಎಂದರು. ನಂತರ ಬಂದವರಿಗೆ ಬಾವಿ ಯಾವ ಮೂಲೆಯಲ್ಲಿದ್ದರೆ ಮಗಳ ಮದುವೆ ಬೇಗ ಆಗುತ್ತದೆ ಎಂದು ತಿಳಿಯಬೇಕಿತ್ತು. ಬೇಸತ್ತ ಭಾವ ಅದನ್ನು ಅಳಿಸಿ ‘ಇಲ್ಲಿ ನಕ್ಷೆ ಮಾಡಿಕೊಡಲಾಗುವುದು’ ಎಂದು ಬರೆಸಿದರು. ಮರುದಿನದಿಂದ ಜಮೀನಿನ ಸರ್ವೆ ನಕ್ಷೆ ಬೇಕಾದವರೆಲ್ಲ ಪಹಣಿ ಹಿಡಿದು ಸಾಲುಗಟ್ಟಿದರು! ಈಗ ಫಲಕದ ಮೇಲೆ ಮನೆಯ ಚಿತ್ರವೊಂದೇ ಇದೆ. ಕಳೆದ ತಿಂಗಳು ಒಬ್ಬರು ಬಂದು ಬಾಡಿಗೆಗೆ ಮನೆ ಇದೆಯಾ ಎಂದು ಕೇಳಿದರು.

ನಮ್ಮ ಕಡೆ ಈ ಕಸುಬು ಹೇಗಿದೆ ಎಂಬುದನ್ನೂ ಸ್ವಲ್ಪ ಹೇಳಿಬಿಡಬೇಕು. ನಾಲ್ಕು ತಿಂಗಳು ಮಳೆ. ಆಗ ಕೆಲಸ ನಡೆಯುವುದಿಲ್ಲ. ಮಳೆ ನಿಂತ ಮೇಲೆ ಮರಳು ಸಿಗುವುದಿಲ್ಲ. ಮರಳು ಸಿಕ್ಕಿದಾಗ ಕೆಲಸದವರು ಹಬ್ಬಕ್ಕೆಂದು ಊರಿಗೆ ಹೋಗಿರುತ್ತಾರೆ. ಅವರು ಬಂದರೆನ್ನಿ, ಅಷ್ಟರಲ್ಲಿ ಮನೆಯ ಯಜಮಾನನ ಹೆಂಡತಿ ಮದುವೆಮನೆಯೊಂದರಲ್ಲಿ ಬೇರೆ ತರಹದ ಕಿಟಕಿ ನೋಡಿ ಬಂದಿರುತ್ತಾಳೆ! ಇಷ್ಟು ಸಾಲದೆಂಬಂತೆ ಈಗ ಸಿಮೆಂಟ್ ಅಂಗಡಿಯಲ್ಲಿ ನಕ್ಷೆ ಪುಕ್ಕಟೆ, ಟೈಲ್ಸ್ ಅಂಗಡಿಯಲ್ಲಿ ಬಚ್ಚಲ ಚಿತ್ರ ಪುಕ್ಕಟೆ. ಸುಮ್ಮನೆ ಸಿಗುವುದನ್ನು ನಮ್ಮ ಮೆಟ್ಟಿಲು ಹತ್ತಿ ಬಂದು ಬೈಸಿಕೊಂಡು ಪಡೆಯುವವರು ಯಾರು? ಅಂಥ ದಿನಗಳಲ್ಲಿ ಕಿಟಕಿಯ ಬಳಿ ಕೂತೂ ಕೂತೂ ಯಾವ ಬಸ್ಸು ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬುದು ನನಗೆ ಬಾಯಿಪಾಠವಾಗಿದೆ.

ಶಿರಾಲಿಯವರೊಬ್ಬರು ಬಂದಿದ್ದರು. ಅವರ ಅಳಿಯ ಕಂಪ್ಯೂಟರಿಗೆ ಹೇಳಿ ಒಂದು ಮನೆಯ ಚಿತ್ರ ಮಾಡಿಸಿದ್ದನಂತೆ. ಫೋನ್ ಮುಂದೆ ಹಿಡಿದರು. ಮನೆ ಅರಮನೆಯ ಹಾಗಿತ್ತು. ಪಶ್ಚಿಮದ ಗೋಡೆ ಪೂರ್ತಿ ಗಾಜು. ಭಾವ ಕನ್ನಡಕ ಏರಿಸಿ ನೋಡಿದರು.

"ಚಂದ ಇದೆ. ಆದ್ರೆ ಈ ಮೆಟ್ಟಿಲು ಹತ್ತಿದವ ಎಲ್ಲಿಗೆ ಹೋಗ್ತಾನೆ?"

ಗಿರಾಕಿ ನೋಡಿದರು. ನಾನೂ ಬಗ್ಗಿ ನೋಡಿದೆ. ಮೆಟ್ಟಿಲು ಠೀವಿಯಿಂದ ಏರಿಹೋಗಿ ಸೀದಾ ಗೋಡೆಗೆ ಬಡಿದು ನಿಂತಿತ್ತು. ಬಾಗಿಲೂ ಇಲ್ಲ, ಮಹಡಿಯೂ ಇಲ್ಲ!

"ಅದನ್ನ ನೀವು ಸರಿ ಮಾಡಿ. ಗಾಜು ಮಾತ್ರ ಹೀಂಗೇ ಬೇಕು" ಎಂದರು ಅವರು.

ಭಾವ ಅವರನ್ನು ಕೆಳಗೆ ಕರೆದುಕೊಂಡು ಹೋಗಿ, ಬಿಸಿಲಲ್ಲಿ ನಿಂತಿದ್ದ ಅವರದೇ ಕಾರಿನ ಬಾಗಿಲು ತೆಗೆದರು. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. "ಗಾಜು ಏರಿಸಿ ಹತ್ತು ನಿಮಿಷ ಒಳಗೆ ಕೂತ್ಕಳಿ. ಏಸಿ ಹಾಕೂದು ಬೇಡ. ನಿಮ್ಮ ಹೊಸ ಮನೆ ಹ್ಯಾಂಗೆ ಇರ್ತದೆ ಕಾಣ್ಲಿ." ಆ ಮನುಷ್ಯ ಮೂರನೆಯ ನಿಮಿಷಕ್ಕೆ ಒದ್ದೆ ಕೋಳಿಯಂತೆ ಹೊರಬಿದ್ದರು. ಭಾವನ ಕೈ ಹಿಡಿದು, "ನೀವು ನನ್ನ ಕಣ್ಣು ತೆರೆಸಿದ್ರಿ ಮಾರಾಯ್ರೆ" ಎಂದರು. ಹದಿನೈದು ದಿನ ಬಿಟ್ಟು ನಾನೇ ಫೋನ್ ಮಾಡಿ ವಿಚಾರಿಸಿದೆ. "ಕೆಲಸ ಶುರು ಆತಲ! ಸಿಮೆಂಟ್ ಅಂಗಡಿಯವ ನಕ್ಷೆ ಕೊಟ್ಟ. ಗಾಜು ಬೇಡ ಅಂತ ಗೊತ್ತಾದ ಮೇಲೆ ಮತ್ತೆ ನಿಮ್ಗೆ ಎಂತಕ್ಕೆ ತೊಂದ್ರೆ ಕೊಡೂದು?" ಎಂದರು.

ಭಟ್ಕಳದ ಒಂದು ದೊಡ್ಡ ಕುಟುಂಬದ ಕೆಲಸ ಮಾತ್ರ ಹೇಗೋ ಉಳಿಯಿತು. ಮನೆ ಭಟ್ಕಳದಲ್ಲಿ, ಮನೆಯವರು ನಾಲ್ಕು ದೇಶಗಳಲ್ಲಿ. ಎಲ್ಲರೂ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿ ನಮ್ಮನ್ನೂ ಸೇರಿಸಿದರು. ಒಟ್ಟು ಇಪ್ಪತ್ತಮೂರು ಜನ! ಒಳಗಿನ ನೆಲಕ್ಕೆ ಯಾವ ಟೈಲ್ಸ್ ಎಂಬ ಚರ್ಚೆ ಹದಿನೆಂಟು ದಿನ ನಡೆಯಿತು. ದುಬೈಯವರು ಒಪ್ಪಿದ ಬಣ್ಣವನ್ನು ಜೆಡ್ಡಾದವರು ಬೇಡವೆಂದರು. ಇಬ್ಬರೂ ಒಪ್ಪಿದ್ದು ಲಂಡನ್ನಿನ ಸೊಸೆಗೆ ಆಸ್ಪತ್ರೆಯ ಹಾಗೆ ಕಂಡಿತು. ಹತ್ತೊಂಬತ್ತನೆಯ ದಿನ ಭಾವ ಫೋನ್ ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿ ಭಟ್ಕಳಕ್ಕೆ ಹೋದರು. ಆ ಮನೆಯಲ್ಲಿ ನಿಜಕ್ಕೂ ವಾಸವಾಗಿರುವವರು ಒಬ್ಬ ಅಜ್ಜಿ. ಅವರು ಗುಂಪಿನಲ್ಲೇ ಇರಲಿಲ್ಲ!

"ಬಣ್ಣ ಯಾವ್ದಾದ್ರೂ ಹಾಕಿ ಇಂಜಿನಿಯರ್ ಸಾಬ್" ಎಂದರಂತೆ ಅಜ್ಜಿ. "ಕಾಲು ಮಾತ್ರ ಜಾರೂಕಾಗ. ನಾ ಬಿದ್ರೆ ಎತ್ತೂಕೆ ದುಬೈಯಿಂದ ಯಾರು ಬತ್ತಾರೆ?"

ಭಾವ ತರಿತರಿಯಾದ ಬೂದು ಟೈಲ್ಸ್ ಆರಿಸಿ ಗುಂಪಿಗೆ ಎರಡೇ ಪದ ಬರೆದರು: ‘ಅಜ್ಜಿ ಹೇಳಿದ್ದು.’ ಒಂದು ನಿಮಿಷದೊಳಗೆ ನಾಲ್ಕು ದೇಶಗಳಿಂದ ಹೆಬ್ಬೆರಳುಗಳ ಮಳೆ!

ಆ ಅಜ್ಜಿಯ ಮನೆ ಮುಗಿದ ಮೇಲೆ ನಮಗೆ ಬರಗಾಲ. ಮಳೆ ಹೋಗಿ ಎರಡು ತಿಂಗಳಾದರೂ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಿಲ್ಲ. ಅದೇ ಹೊತ್ತಿಗೆ ಕುಮಟೆಯಲ್ಲಿ ಒಂದು ದೊಡ್ಡ ಅಂಗಡಿ ತೆರೆಯಿತು. ಅಡುಗೆಮನೆ, ಕಪಾಟು, ಮಂಚ, ಸೂರಿನ ಕೆಳಗಿನ ಸುಳ್ಳು ಸೂರು, ಎಲ್ಲವನ್ನೂ ಪರದೆಯ ಮೇಲೆ ತೋರಿಸಿ ಜೋಡಿಸಿಕೊಡುವವರು. "ಅದೆಂತ ಮಾಡ್ತಾರೆ ನೋಡಿ ಬರುವ. ನೀನು ಗಿರಾಕಿ, ನಾನು ನಿನ್ನ ಅಣ್ಣ. ನಾನು ಬಾಯಿ ಬಿಡೂದಿಲ್ಲ" ಎಂದು ಭಾವ ನನ್ನನ್ನು ಹೊರಡಿಸಿದರು. ಭಾವ ಬಾಯಿ ಬಿಡುವುದಿಲ್ಲವಂತೆ! ನಾನು ನಂಬಿದೆನಲ್ಲ, ನನಗೆ ಹೇಳಬೇಕು.

ಅಲ್ಲಿದ್ದ ಹುಡುಗಿ ಪಾಪ, ಪ್ರೀತಿಯಿಂದ ಪರದೆಯ ಮೇಲೆ ನನಗೊಂದು ಅಡುಗೆಮನೆ ಮಾಡಿ ತೋರಿಸಿದಳು. ಭಾವ ನಾಲ್ಕು ನಿಮಿಷ ತಡೆದುಕೊಂಡರು.

"ಈ ಕಪಾಟು ತೆಗೆದ್ರೆ ಫ್ರಿಜ್ಜಿನ ಬಾಗಿಲಿಗೆ ಬಡೀತದಲ್ಲ ತಂಗಿ?"

ಹುಡುಗಿ ಫ್ರಿಜ್ಜು ಸರಿಸಿದಳು. ಈಗ ಅದು ಒಲೆಗೆ ತಾಗಿತು. ಒಲೆ ಸರಿಸಿದಳು, ಕಿಟಕಿ ಮುಚ್ಚಿತು. ಪಕ್ಕದಲ್ಲಿ ಕೂತಿದ್ದ ಗಂಡಹೆಂಡತಿ ಎದ್ದು ಬಂದು, "ನಮ್ಮದನ್ನೂ ಸ್ವಲ್ಪ ಕಾಣಿ ಸಾರ್" ಎಂದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಭಾವ ಹುಡುಗಿಯ ಕುರ್ಚಿಯಲ್ಲಿ ಕೂತಿದ್ದರು. ಹುಡುಗಿ ಹಿಂದೆ ನಿಂತು ಬರೆದುಕೊಳ್ಳುತ್ತಿದ್ದಳು. ಮೂರು ಸಂಸಾರಗಳು ಸರದಿಯಲ್ಲಿದ್ದವು. ಅಷ್ಟರಲ್ಲಿ ಅಂಗಡಿಯ ಮಾಲೀಕರು ಬಂದರು. ನಾನು ಬಾಗಿಲಿನ ಕಡೆ ನೋಡತೊಡಗಿದೆ.

"ನೀವು ಗಿರಾಕಿ ಅಲ್ಲ ಅಂತ ಆಗ್ಲೇ ಗೊತ್ತಾಯ್ತು" ಎಂದರು ಮಾಲೀಕರು. "ಗಿರಾಕಿ ಯಾರೂ ಫ್ರಿಜ್ಜಿನ ಬಾಗಿಲು ಕೇಳೂದಿಲ್ಲ. ನಮ್ಮಲ್ಲೇ ಬಂದುಬಿಡಿ. ತಿಂಗಳ ಸಂಬಳ. ನಿಮ್ಮ ತಂಗಿಗೂ ಒಂದು ಕೆಲಸ ನೋಡುವಾ. ಸೋಮವಾರ ಹತ್ತು ಗಂಟೆಗೆ ಇಬ್ರೂ ಬನ್ನಿ. ಅವತ್ತು ನಮ್ಮ ಪಾಲುದಾರರೂ ಬರ್ತಾರೆ."

ಅಕ್ಕನಿಗೆ ವಿಷಯ ತಿಳಿದದ್ದೇ ತಡ, ಬಂಗಡೆ ಮೀನು ತಂದು ಹುರಿದಳು. ಭಾವನ ಅಂಗಿಗೆ ತಾನೇ ಇಸ್ತ್ರಿ ಮಾಡಿಟ್ಟಳು. ನಾನಂತೂ ಕುಮಟೆಯ ಬಸ್ಸಿನಲ್ಲಿ ಯಾವ ಕಡೆ ಬಿಸಿಲು ಬರುವುದಿಲ್ಲ ಎಂದು ಲೆಕ್ಕ ಹಾಕಿಟ್ಟುಕೊಂಡೆ.

ಶುಕ್ರವಾರ ಹಳದೀಪುರದಿಂದ ಒಬ್ಬರು ಬಂದರು. ಹೆದ್ದಾರಿಯ ಪಕ್ಕ ಪಂಪು ರಿಪೇರಿಯ ಅಂಗಡಿ ಇಟ್ಟವರು. ತಂದೆಯ ಕಾಲದ ಮನೆಯ ನಟ್ಟನಡುವೆ ಗೋಡೆ ಎಬ್ಬಿಸಬೇಕು, ಪಂಚಾಯ್ತಿಗೆ ನಕ್ಷೆ ಬೇಕು ಎಂದರು. ಅವರು ಇಳಿದು ಹೋದ ಅರ್ಧ ಗಂಟೆಗೆ ಅವರದೇ ಮುಖದ, ಸ್ವಲ್ಪ ತೆಳುವಾದ ಇನ್ನೊಬ್ಬರು ಬಂದರು. ಬಸ್ ಕಂಡಕ್ಟರ್. ಅವರಿಗೂ ಹಳದೀಪುರದಲ್ಲಿ ಗೋಡೆ ಬೇಕು. ಅದೇ ಮನೆ, ಅದೇ ಗೋಡೆ! ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿದೆಯಂತೆ. ಕಾರಣ ಕೇಳಿದರೆ, ತೆಂಗಿನಕಾಯಿ ಕೊಯ್ಯಿಸಿದ ದಿನ ಏಣಿ ಮುರಿದವರು ಯಾರು ಎಂಬ ಪ್ರಶ್ನೆ.

ಅಳತೆ ತೆಗೆಯಲು ಭಾವ ಶನಿವಾರ ಹೊರಟರು. ನಾನೂ ಹೋದೆ. ಒಂದು ಗೋಡೆ ತಾನೆ, ಮಧ್ಯಾಹ್ನದೊಳಗೆ ಮುಗಿಯಬೇಕು. ಪಂಪು ಅಂಗಡಿಯ ದೊಡ್ಡವರು ಟೇಪಿನ ಒಂದು ತುದಿ ಹಿಡಿದರು, ಕಂಡಕ್ಟರಾದ ಸಣ್ಣವರು ಇನ್ನೊಂದು ತುದಿ ಹಿಡಿದರು. ಒಬ್ಬರ ಮುಖ ಪೂರ್ವಕ್ಕೆ, ಇನ್ನೊಬ್ಬರದು ಪಶ್ಚಿಮಕ್ಕೆ. "ಸ್ವಲ್ಪ ಎಳೀಲಿಕ್ಕೆ ಹೇಳಿ ಸಾರ್" ಎಂದು ಒಬ್ಬರು ಭಾವನಿಗೆ ಹೇಳುವುದು, "ಎಳದಿದ್ದೆ ಅಂತ ಹೇಳಿ ಸಾರ್" ಎಂದು ಇನ್ನೊಬ್ಬರು. ಇಬ್ಬರ ಹೆಂಡಿರು ಹಿತ್ತಲ ಬಾಗಿಲಲ್ಲಿ ಒಂದೇ ಬುಟ್ಟಿಯ ಬಸಳೆ ಸೋಸುತ್ತ ಕೂತಿದ್ದರು. "ಅವ್ರ ಜಗಳ ಅವ್ರಿಗೆ. ಗೋಡೆ ಎದ್ರೆ ನಮ್ಗೆ ಸುತ್ತು ಹಾಕಿ ಬರೂಕೆ ದೂರ, ಅಷ್ಟೇ" ಎಂದಳು ಹಿರಿಯವಳು.

ನಡುಮನೆಗೆ ಬಂದಾಗ ಟೇಪು ನಿಂತುಹೋಯಿತು. ಸರಿಯಾಗಿ ಅರ್ಧಕ್ಕೆ, ಗೋಡೆ ಬರಬೇಕಾದ ಗೆರೆಯ ಮೇಲೆ, ಒಂದು ಮಂಚ. ಮಂಚದ ಮೇಲೆ ಬಿಳಿ ಕೂದಲಿನ ಒಬ್ಬ ಹೆಂಗಸು ಕೂತಿದ್ದರು. ಇವರಿಬ್ಬರ ಸೋದರತ್ತೆ. ಗಂಡ ತೀರಿಕೊಂಡು ಈ ಮನೆಗೆ ಬಂದವರು. ತಾಯಿ ಇಲ್ಲದ ಹುಡುಗರಿಬ್ಬರನ್ನೂ ಸಾಕಿ ದೊಡ್ಡ ಮಾಡಿದವರು.

"ಅತ್ತೆ ನಮ್ಮ ಬದಿಗೆ" ಎಂದರು ದೊಡ್ಡವರು, ಭಾವನ ಕಡೆ ನೋಡುತ್ತ.

"ಅತ್ತೆ ನಮ್ಮ ಬದಿಗೆ ಅಂತ ಹೇಳಿ ಸಾರ್" ಎಂದರು ಸಣ್ಣವರು.

ಏಣಿ ಮುರಿದದ್ದು ನೆಪ. ಗೋಡೆ ಇಷ್ಟು ವರ್ಷ ಮಾತಿನಲ್ಲೇ ಉಳಿದದ್ದು ಇದಕ್ಕೇ ಎಂದು ಆಗ ನನಗೆ ಹೊಳೆಯಿತು. ಬಾವಿ ಯಾರಿಗೆ, ತೆಂಗಿನಮರ ಯಾರಿಗೆ ಎಂಬುದೆಲ್ಲ ಯಾವಾಗಲೋ ಇತ್ಯರ್ಥವಾಗಿತ್ತು. ಅತ್ತೆಯನ್ನು ಬಿಟ್ಟುಕೊಡಲು ಮಾತ್ರ ಒಬ್ಬರೂ ತಯಾರಿರಲಿಲ್ಲ.

ಭಾವ ಟೇಪು ಸುತ್ತಿಟ್ಟು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತರು. "ನಿಮ್ಗೆ ಯಾವ ಬದಿ ಬೇಕು ಅಮ್ಮಾ?"

ಅತ್ತೆ ಹೇಳಿದರು, "ಸಂಜಿಗೆ ಇಬ್ರೂ ಮನೆ ಮುಟ್ಟಿದ್ದು ನಂಗೆ ಕಾಣೂಕು, ತಮಾ. ಅದೊಂದು ಆದ್ರೆ ಆತು."

ಅಲ್ಲಿಗೆ ನಮ್ಮ ಸೋಮವಾರ ಮುಳುಗಿತು! ಭಾನುವಾರವೂ ಭಾವ ಹಳದೀಪುರದಲ್ಲಿ. ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಮಟೆಯ ಬಸ್ಸನ್ನೇನೋ ಹತ್ತಿದರು. ದಾರಿಯಲ್ಲಿ ಹಳದೀಪುರ ಬಂದೇ ಬರುತ್ತದಲ್ಲ! "ಐದೇ ನಿಮಿಷ, ನೀನು ಮುಂದೆ ಹೋಗಿರು" ಎಂದು ಇಳಿದುಬಿಟ್ಟರು. ಹತ್ತು ಗಂಟೆಗೆ ನಾನೊಬ್ಬಳೇ ಆ ದೊಡ್ಡ ಅಂಗಡಿಯ ಮೆತ್ತನೆಯ ಸೋಫಾದಲ್ಲಿ ಮುಳುಗಿ ಕೂತಿದ್ದೆ. ಹನ್ನೊಂದಕ್ಕೆ ಫೋನ್ ಮಾಡಿದೆ.

"ಈಗ ಬರೂಕೆ ಆಗೂದಿಲ್ಲ ಮಾರಾಯ್ತಿ" ಎಂದು ಭಾವ ಪಿಸುಗುಟ್ಟಿದರು. "ಅತ್ತೆ ಮಲಗಿದ್ದಾರೆ. ಯಾವ ಮಗ್ಗುಲಿಗೆ ಮಲಗ್ತಾರೆ ಅಂತ ನೋಡ್ತಾ ಇದ್ದೆ. ಎದ್ದ ಕೂಡ್ಲೆ ಕಣ್ಣು ಯಾವ ಬದಿಗೆ ಹೋಗ್ತದೆ ಗೊತ್ತಾಗೂಕು."

ಇದನ್ನು ನಾನು ಮಾಲೀಕರಿಗೂ ಪಾಲುದಾರರಿಗೂ ಹೇಗೆ ವಿವರಿಸಲಿ? ಹೊಟ್ಟೆನೋವು ಎಂದೆ. ಅವರು ತಲೆಯಾಡಿಸಿದರು. ಕೆಲಸ ಹೋಯಿತು. ಅಕ್ಕ ನಾಲ್ಕು ದಿನ ಭಾವನೊಡನೆ ಮಾತು ಬಿಟ್ಟಳು. "ಊಟಕ್ಕೆ ಬರೂಕೆ ಹೇಳು", "ಬಂದೆ ಅಂತ ಹೇಳು" ಎಂದು ಇಬ್ಬರ ಮಾತೂ ನನ್ನ ಮೂಲಕ. ಹಳದೀಪುರ ನಮ್ಮ ಮನೆಗೇ ಬಂದ ಹಾಗಾಯಿತು!

ನಕ್ಷೆ ಹೇಗಿತ್ತೆನ್ನುತ್ತೀರಿ? ಮನೆಯ ಮುಂಭಾಗದಿಂದ ಗೋಡೆ ನೆಟ್ಟಗೆ ಬರುತ್ತದೆ. ನಡುಮನೆಯಲ್ಲಿ ಎರಡಾಗಿ ಸೀಳಿ, ಒಂದು ಪುಟ್ಟ ಖೋಲಿಯನ್ನು ಸುತ್ತುವರಿದು, ಹಿಂದೆ ಮತ್ತೆ ಒಂದಾಗುತ್ತದೆ. ಖೋಲಿಗೆ ಎರಡು ಬಾಗಿಲು. ಮಂಚದ ಮೇಲೆ ಕೂತರೆ ಒಂದರಿಂದ ದೊಡ್ಡವನ ಜಗಲಿ ಕಾಣಬೇಕು, ಇನ್ನೊಂದರಿಂದ ಸಣ್ಣವನದು. ಎರಡೂ ಬಾಗಿಲುಗಳ ಅಗುಳಿ ಅತ್ತೆಯ ಬದಿಗೆ. ಬೆಳಕಿಗೆ ಮಾಡಿನಲ್ಲಿ ನಾಲ್ಕು ಗಾಜಿನ ಹಂಚು. ಕಾಗದದ ಮೇಲೆ ಅದು ಇಲಿ ನುಂಗಿದ ಹಾವಿನ ಹಾಗೆ ಕಾಣುತ್ತಿತ್ತು.

"ಎಂತ ಸಾರ್ ಇದು, ಗೋಡೆಗೆ ಹೊಟ್ಟೆ ಬಂದಿದೆ?" ಎಂದ ಮೇಸ್ತ್ರಿ.

ಪಂಚಾಯ್ತಿಯಲ್ಲಿ ಇನ್ನೊಂದು ಪಂಚಾಯ್ತಿ. "ಮನೆ ಎರಡಾದ ಮೇಲೆ ನಂಬ್ರ ಎರಡು. ಈ ಖೋಲಿ ಯಾವ ನಂಬ್ರಕ್ಕೆ ಸೇರ್ತದೆ?" ಎಂದು ಅಲ್ಲಿಯವರು ಕೇಳಿದರು.

"ಖೋಲಿ ಯಾವ ಮನೆಗೂ ಸೇರೂದಿಲ್ಲ" ಎಂದರು ಭಾವ. "ಮನೆ ಎರಡೂ ಖೋಲಿಗೆ ಸೇರ್ತವೆ."

ಆ ವಾಕ್ಯವನ್ನು ಬರೆಯಲು ಅವರ ಅರ್ಜಿಯಲ್ಲಿ ಜಾಗ ಇರಲಿಲ್ಲ. ಮೂರು ಸಲ ತಿರುಗಿ, ಕೊನೆಗೆ ಅರ್ಧರ್ಧ ಎಂದು ಬರೆದುಕೊಂಡರು. ಹೀಗೆ ನಮ್ಮ ಜಿಲ್ಲೆಯಲ್ಲಿ ಬಲಗೈ ಒಂದು ಮನೆಯಲ್ಲಿ, ಎಡಗೈ ಇನ್ನೊಂದು ಮನೆಯಲ್ಲಿ ಇಟ್ಟು ಮಲಗುವ ಹಕ್ಕು ಆ ಅತ್ತೆಗೆ ಸಿಕ್ಕಿತು!

ಗೋಡೆ ಎದ್ದಿತು. ಸುದ್ದಿಯೂ ಎದ್ದಿತು. ಹೆದ್ದಾರಿಯ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುತ್ತಲೇ ಹೇಳಿದ್ದರೋ ಏನೋ, ನಮ್ಮ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಶುರುವಾಯಿತು. ಮನೆ ಪಾಲಾಗುವುದು ಊರೂರಲ್ಲಿ ಇದ್ದದ್ದೇ. ಅದನ್ನು ಒಂದು ಕಸುಬೆಂದು ಯಾರೂ ಎಣಿಸಿರಲಿಲ್ಲ. ಮಾವಳ್ಳಿಯಿಂದ ಬಂದ ಮೂವರು ಅಣ್ಣತಮ್ಮಂದಿರು "ನಮ್ಗೂ ಒಂದು ಅತ್ತೆ ಖೋಲಿ ಮಾಡಿಕೊಡಿ" ಎಂದರು. ಅವರಿಗೆ ಅತ್ತೆಯೇ ಇರಲಿಲ್ಲ! ಸಿಮೆಂಟ್ ಅಂಗಡಿಯ ಪುಕ್ಕಟೆ ನಕ್ಷೆಯಲ್ಲಿ ಗೋಡೆಗಳು ನೆಟ್ಟಗೇ ಇರುತ್ತವಾದ್ದರಿಂದ ಈ ಕೆಲಸಕ್ಕೆ ನಮಗೆ ಪೈಪೋಟಿ ಇಲ್ಲ. ಅಕ್ಕ ಮತ್ತೆ ಬಂಗಡೆ ಹುರಿದಳು.

ಜೂನ್ ತಿಂಗಳ ಎರಡನೆಯ ವಾರ, ಮಳೆ ಹಿಡಿದು ಮೂರು ದಿನವಾಗಿತ್ತು. ಹಳದೀಪುರದಿಂದ ಫೋನ್ ಬಂತು. ಅತ್ತೆಯ ಖೋಲಿ ಸೋರುತ್ತಿದೆಯಂತೆ. ಭಾವ ಗಿರಾಕಿಯನ್ನು ಓಡಿಸಿದ್ದುಂಟು, ನಕ್ಷೆಯನ್ನು ಹದಿನೇಳು ಸಲ ತಿದ್ದಿದ್ದುಂಟು. ಆದರೆ ಅವರು ಕಟ್ಟಿಸಿದ ಮನೆ ಒಂದು ಹನಿಯೂ ಸೋರಿದ್ದಿಲ್ಲ. ಕೊಡೆಯನ್ನೂ ಮರೆತು ಹೊರಟರು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಗಾಜಿನ ಹಂಚಿನ ಅಂಚು. ನಾನೇ ನಿಂತು ಕೂರಿಸಬೇಕಿತ್ತು."

ಅತ್ತೆ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ಎರಡೂ ಬಾಗಿಲು ತೆರೆದಿದ್ದವು. ಭಾವ ಸ್ಟೂಲು ಹತ್ತಿ ಹಂಚು ನೋಡುತ್ತಿದ್ದಾಗ ಎಡಗಡೆಯಿಂದ ದೊಡ್ಡವರು ಒಂದು ಬಾಲ್ದಿ ಹಿಡಿದು ಒಳಗೆ ಬಂದರು. ಬಲಗಡೆಯಿಂದ ಸಣ್ಣವರು ಇನ್ನೊಂದು ಬಾಲ್ದಿ ಹಿಡಿದು ಬಂದರು. ಹತ್ತಡಿ ಉದ್ದ, ಎಂಟಡಿ ಅಗಲದ ಖೋಲಿ. ಒಬ್ಬರ ಮುಖ ಒಬ್ಬರು ನೋಡದೆ ನಿಲ್ಲಲು ಅಲ್ಲಿ ಜಾಗವೇ ಇರಲಿಲ್ಲ. ಮೇಲಿನಿಂದ ನೀರು ಟಪಟಪ ಬೀಳುತ್ತಿತ್ತು.

"ಇಲ್ಲಿಡು" ಎಂದರು ದೊಡ್ಡವರು.

ಭಾವ ಸ್ಟೂಲಿನ ಮೇಲೆ ಹಾಗೇ ನಿಂತರು. ಅದು ಅವರಿಗೆ ಹೇಳಿದ್ದಾಗಿರಲಿಲ್ಲ.

"ಅಲ್ಲಿ ಇಟ್ರೆ ಅತ್ತೆ ಕಾಲಿಗೆ ಸಿಡೀತದೆ. ಆ ಬದಿಗೆ ಸರ್ಸು" ಎಂದರು ಸಣ್ಣವರು.

"ನಂಗೆ ಗೊತ್ತಿಲ್ವನ? ನಿನ್ನೆಯಿಂದ ಇಡ್ತಾ ಇದ್ದವ ನಾನು."

"ನಿನ್ನೆ ರಾತ್ರೆ ತುಂಬಿದ್ದನ್ನ ಹೊರಗೆ ಚೆಲ್ಲಿದವ ನಾನು!"

ಇಬ್ಬರ ದನಿಯೂ ಏರಿತು. ಜಗಳವೇ. ಆರು ವರ್ಷದ ಮೇಲೆ ನಡೆಯುತ್ತಿದ್ದ ಪಸಂದಾದ, ಗಟ್ಟಿಯಾದ ಜಗಳ. ಕೊನೆಗೆ ಇಬ್ಬರೂ ಬಗ್ಗಿ ಒಂದೇ ಬಾಲ್ದಿಯನ್ನು ಎರಡು ಕಡೆ ಹಿಡಿದು ಮಂಚದಿಂದ ಒಂದು ಗೇಣು ಆಚೆ ಸರಿಸಿದರು. ಆಮೇಲೆ ತಾವೇನು ಮಾಡಿದೆವೆಂದು ತಿಳಿದು, ತಮ್ಮತಮ್ಮ ಬಾಗಿಲಿನಿಂದ ಹೊರಟುಹೋದರು.

ಭಾವ ನಿಧಾನವಾಗಿ ಕೆಳಗಿಳಿದರು. "ನಾಳೆ ಬೆಳಿಗ್ಗೆನೇ ಮೇಸ್ತ್ರಿಯನ್ನ ಕಳಿಸ್ತೆ ಅಮ್ಮಾ. ಒಂದು ಗಂಟೆ ಕೆಲಸ. ತಪ್ಪು ನಂದೇ."

ಅತ್ತೆ ಭಾವನ ಒದ್ದೆ ಕೈಯನ್ನು ತಮ್ಮ ಸೆರಗಿನಲ್ಲಿ ಒರೆಸಿದರು. ಬಲಗಡೆಗೆ ನೋಡಿದರು, ಎಡಗಡೆಗೆ ನೋಡಿದರು. ದನಿ ತಗ್ಗಿಸಿ, ನನಗೂ ಕೇಳಬಾರದೆಂಬಂತೆ ಹೇಳಿದರು:

"ಈಗ ಬೇಡ ತಮಾ. ಮಳಿಗಾಲ ಮುಗೀಲಿ."